ಮಂಗಳವಾರದ ಸೈಕಲ್ಲು

ಪುರಸಭೆಯ ದಾರಿ ವಿಭಾಗದ ಮೇಲ್ವಿಚಾರಕರಿಗೆ ಕಚೇರಿಯಲ್ಲಿ ಇದ್ದ ಅಡ್ಡಹೆಸರು ‘ಟೇಪು’. ಜೇಬಿನಲ್ಲಿ ಅಳತೆಯ ಟೇಪು ಇಲ್ಲದೆ ಅವರು ಹೊಸಿಲು ದಾಟಿದ್ದನ್ನು ಕಂಡವರಿಲ್ಲ. ಹೊಸ ಮೇಜು ಬಂದರೂ ಮೊದಲು ಅಳೆದು, ಆಮೇಲೆ ಕೂರುವ ಜಾತಿ.

ಒಂದು ಕಡೆ ಕಡಲು, ಇನ್ನೊಂದು ಕಡೆ ಬೆಟ್ಟ, ನಡುವೆ ಒತ್ತಿಕೊಂಡ ಊರು ಅದು. ಸೈಕಲ್ಲಿಗೆ ಚೀಲ ಕಟ್ಟಿಕೊಂಡು ದೂರದೂರದಿಂದ ಜನ ಬರುತ್ತಿದ್ದರು. ಬಂದವರು ಹೆದ್ದಾರಿಯ ಲಾರಿಗಳ ನಡುವೆ ಜೀವ ಕೈಯಲ್ಲಿ ಹಿಡಿದು ಓಡಾಡುತ್ತಿದ್ದರು. ಲಾರಿ, ಕಾರು, ಬೈಕು ಯಾವುದೂ ಹಾಯದ ಮೂರು ಸೈಕಲ್ ದಾರಿಗಳನ್ನು ಟೇಪು ಹನ್ನೊಂದು ವರ್ಷ ಬೆನ್ನು ಬಿಡದೆ ಮಾಡಿಸಿದರು. ಒಂದು ದಡದುದ್ದಕ್ಕೂ ದೀಪಸ್ತಂಭದವರೆಗೆ, ಒಂದು ಕಾಲುವೆಯ ಏರಿಯ ಮೇಲೆ. ಮೂರನೆಯದು ಹಳಿ ಕಿತ್ತುಹಾಕಿದ ಹಳೆಯ ರೈಲುದಾರಿ. ಸುರಂಗ ಹಾದು, ಉಪ್ಪುನೀರಿನ ತೊರೆ ದಾಟಿ, ಬೆಟ್ಟದ ಬುಡ ಮುಟ್ಟುವಂಥದ್ದು. ಮೊದಲೆರಡರಲ್ಲಿ ಜನ ಆಗಲೇ ಓಡಾಡುತ್ತಿದ್ದರು. ಮೂರನೆಯದಕ್ಕೂ ಊರಿನ ಕಡೆಯ ಗೇಟು ತೆಗೆದು ತಿಂಗಳುಗಳೇ ಆಗಿದ್ದವು. ಬರುವ ಶನಿವಾರ ಮೂರಕ್ಕೂ ಒಟ್ಟಿಗೆ ಉದ್ಘಾಟನೆ ಅಷ್ಟೆ.

ಇಷ್ಟೆಲ್ಲ ಮಾಡಿದವರ ಹೆಂಡತಿಗೆ ಮಾತ್ರ ಸೈಕಲ್ಲೆಂದರೆ ಆಗದು. ರಸ್ತೆ ದಾಟಬೇಕಾದರೂ ಗಂಡನ ಮೊಣಕೈ ಬೇಕು. ಮಂಗಳವಾರ ಮಾತ್ರ ಆಕೆ ಒಬ್ಬಳೇ ಹೊರಡುವುದು, ಅದೂ ಎರಡು ಬೀದಿ ಆಚೆಗಿನ ಅಕ್ಕನ ಮನೆಗೆ, ಹೊಲಿಗೆಗೆ. ಟೇಪು ತಿಳಿದಿದ್ದು ಹಾಗೆ.

ಆ ಮಂಗಳವಾರ ಬೋರ್ಡು ಬರೆಯುವವನು ಫೋನ್ ಮಾಡಿ, “ಸಾರ್, ಮೂರನೇ ದಾರಿ ಒಟ್ಟು ಎಷ್ಟು ಕಿಲೋಮೀಟರು ಅಂತ ಬರೀಲಿ?” ಎಂದ. ಕಾಗದದಲ್ಲಿದ್ದ ಲೆಕ್ಕದ ಮೇಲೆ ಟೇಪುಗೆ ನಂಬಿಕೆ ಸಾಲಲಿಲ್ಲ. ಕಚೇರಿಯ ಸೈಕಲ್ ಹತ್ತಿ ತಾವೇ ಹೊರಟರು. ಹಳೆಯ ಸ್ಟೇಷನ್ನಿನಿಂದ ಸುರಂಗದವರೆಗೆ ಗಾಳಿ ಬೆನ್ನಿಗೇ ಇತ್ತು. ಸುರಂಗ ದಾಟಿ ತಿರುವು ತೆಗೆದುಕೊಂಡರೆ ತೊರೆಯ ಸೇತುವೆ. ಮುಂದಿನ ಗಾಲಿ ಮೊದಲ ಹಲಗೆಯ ಮೇಲೆ ಏರಿತು.

“ರೀ!”

ಊರಲ್ಲಿ ಗಂಡನನ್ನು ‘ರೀ’ ಅಂತ ಕರೆಯುವ ಹೆಂಗಸರು ಸಾವಿರ ಜನ ಇದ್ದಾರು. ಇಪ್ಪತ್ತಾರು ವರ್ಷ ಕೇಳಿದ ‘ರೀ’ಯನ್ನು ಮಾತ್ರ ಕಿವಿ ಗುರುತಿಸದೆ ಇರುತ್ತದೆಯೇ? ಟೇಪು ಬ್ರೇಕು ಹಿಡಿದ ರಭಸಕ್ಕೆ ಹಿಂದಿನ ಗಾಲಿ ಅಡ್ಡ ತಿರುಗಿತು.

ಸೇತುವೆಯ ಕೆಳಗಿನ ಇಳಿಜಾರಿನಿಂದ ಒಬ್ಬ ಹೆಂಗಸು ಹುಲ್ಲು ಹಿಡಿದುಕೊಂಡು ಮೇಲೆ ಹತ್ತುತ್ತಿದ್ದಳು. ತಲೆಗೆ ಹೆಲ್ಮೆಟ್ಟು, ಮೊಣಕಾಲವರೆಗೆ ಕೆಸರು. ಪೊದೆಗೆ ಒರಗಿಸಿದ ಹಸಿರು ಸೈಕಲ್ಲೊಂದು ಪಕ್ಕದಲ್ಲಿತ್ತು.

“ಯಾರು ನೀವು?” ಎಂದುಬಿಟ್ಟರು ಟೇಪು, ಕಟ್ಟಿಕೊಂಡ ಹೆಂಡತಿಗೆ.

“ನಾನೇ ಕಣ್ರೀ. ಮೊದಲು ಆ ಗಾಲಿ ಹಿಂದಕ್ಕೆ ತಗೊಳ್ಳಿ.”

“ನೀನು ಅಕ್ಕನ ಮನೇಲಿ...”

“ಅದೆಲ್ಲ ಆಮೇಲೆ. ಹಿಂದಕ್ಕೆ ಬನ್ನಿ ಅಂದೆ!”

ಆಕೆ ಗಂಡನ ಮೇಲೆ ದನಿ ಎತ್ತಿದ್ದು ಅದೇ ಮೊದಲು. ಟೇಪು ಹಿಂದೆ ಸರಿದರು. ಆಕೆ ಅವರ ತೋಳು ಹಿಡಿದು ಇಳಿಜಾರಿನ ಅಂಚಿಗೆ ಕರೆದೊಯ್ದು ಕೈ ತೋರಿಸಿದಳು. ನೀರು ಇಳಿದಿತ್ತು. ನಡುವಿನ ಕಲ್ಲುಕಂಬದ ಬುಡ ಕಚ್ಚಿ ತಿಂದ ಹಣ್ಣಿನ ಹಾಗೆ ಒಳಗೆ ಹೋಗಿತ್ತು. ಅಷ್ಟು ದೊಡ್ಡ ಕಂಬ ಮೂರು ಕಲ್ಲುಗಳ ಮೇಲೆ ನಿಂತಿತ್ತು.

“ಹೋದ ಮಂಗಳವಾರ ನನ್ನ ಅಂಗೈ ತೂರುವಷ್ಟು ಬಿರುಕಿತ್ತು. ಇವತ್ತು ನೋಡಿದ್ರೆ ಆ ಜಾಗದ ಕಲ್ಲುಗಳೇ ಇಲ್ಲ.”

“ಹೋದ ವಾರವೇ ನೋಡಿದ್ದೆ ಅಂದ್ರೆ... ಹೇಳೋದಲ್ವಾ?”

“ಹೇಳಿದೆನಲ್ಲ. ನಿಮ್ಮ ಕಚೇರಿ ದೂರಿನ ಪೆಟ್ಟಿಗೆಗೆ ಚೀಟಿ ಹಾಕಿದ್ದೆ. ಹೆಸರು ಬರೀಲಿಲ್ಲ ಅಷ್ಟೆ. ನನ್ನ ಅಕ್ಷರ ಗೊತ್ತಾಗಬಾರದು ಅಂತ ಎಡಗೈಲಿ ಬರೆದೆ.”

 ಗುರುವಾರ ಆ ಚೀಟಿ ಟೇಪುವಿನ ಕೈಗೇ ಬಂದಿತ್ತು. ಸೊಟ್ಟ ಅಕ್ಷರದಲ್ಲಿ ‘ತೊರೆ ಸೇತುವೆ ಕಂಬದ ಬುಡ ಬಿಟ್ಟಿದೆ, ದಯವಿಟ್ಟು ಕೆಳಗಿಳಿದು ನೋಡಿ’ ಎಂದಿತ್ತು. ‘ಯಾವನೋ ಕೆಲಸವಿಲ್ಲದವನು’ ಎಂದುಕೊಂಡು ಉಂಡೆ ಮಾಡಿ ಬುಟ್ಟಿಗೆ ಎಸೆದಿದ್ದರು. ಸೇತುವೆಯ ಹಲಗೆ ಹಲಗೆಯನ್ನೂ ಅಳೆದವರು ಅವರು. ಕೆಳಗೆ ಮಾತ್ರ ಒಂದು ದಿನವೂ ಇಳಿದಿರಲಿಲ್ಲ. ಆದರೂ ಸೇತುವೆಯ ಕಡತದಲ್ಲಿ ‘ಪರಿಶೀಲಿಸಲಾಗಿದೆ’ ಎಂಬುದರ ಕೆಳಗೆ ಸಹಿ ಅವರದೇ.

ಅಷ್ಟರಲ್ಲಿ ಆಚೆ ದಡದಿಂದ ಸೈಕಲ್ ಬೆಲ್ಲು ಕೇಳಿಸಿತು. ಬೆಟ್ಟದ ಕಡೆಯಿಂದ ಪ್ರವಾಸಿಗಳ ಗುಂಪು ಬರುತ್ತಿತ್ತು. ಆರೇಳು ಜನ, ಗಾಲಿಯ ಎರಡೂ ಪಕ್ಕ ತುಂಬಿದ ಚೀಲಗಳು. ಆ ಕಡೆಯ ಗೇಟಿಗೆ ಬೀಗ ಇನ್ನೂ ಇತ್ತು, ಆದರೆ ಬದಿಯಲ್ಲಿ ಸೈಕಲ್ ನುಸುಳುವಷ್ಟು ಸಂದು ಯಾರಿಗೆ ಕಾಣುವುದಿಲ್ಲ?

ಇಬ್ಬರೂ ಕೈ ಬೀಸಿ ಕೂಗಿದರು. ಆ ಕಡೆಯವರೂ ಕೈ ಬೀಸಿದರು. ಮುಂದಿದ್ದ ಹಣ್ಣುಗೂದಲಿನ ಹೆಂಗಸು ನಿಧಾನವಾಗಿ ಸೇತುವೆ ಹತ್ತಿಯೇಬಿಟ್ಟಳು. ಒಂದು ಹಲಗೆ, ಐದು ಹಲಗೆ, ಹತ್ತು.

ಕಚೇರಿಯಲ್ಲಿ ಪಕ್ಕದ ಮೇಜಿಗೂ ಕೇಳಿಸದ ಹಾಗೆ ಮಾತಾಡುವ ಮನುಷ್ಯ ಗಂಟಲು ಹರಿಯುವಂತೆ ಅರಚಿದರು: “ನಿಲ್ಲಿ! ಸೇತುವೆ ಬೀಳ್ತದೆ! ಹಿಂದೆ ಹೋಗಿ!” ಹೆಂಡತಿ ಎರಡೂ ತೋಳುಗಳನ್ನು ತಲೆಯ ಮೇಲೆ ಅಡ್ಡಡ್ಡ ಹಿಡಿದು ನಿಂತಳು. ಆ ಹೆಂಗಸು ನಿಂತಳು. ಅರ್ಥವಾಗದೆ ನೋಡಿದಳು. ಕೊನೆಗೆ ಇಳಿದು, ಭಾರದ ಸೈಕಲ್ಲನ್ನು ತಿರುಗಿಸಲು ಜಾಗ ಸಾಲದೆ, ಹಿಮ್ಮುಖವಾಗಿಯೇ ಎಳೆಯತೊಡಗಿದಳು. ಅಷ್ಟು ದೂರ ಹಿಂದೆ ಹೋಗಲು ಆಕೆಗೆ ಹಿಡಿದಿದ್ದು ಎರಡು ನಿಮಿಷ ಇರಬಹುದು. 

ಆಕೆ ದಡ ಸೇರಿದ ಮೇಲೆ ಅವರು ಕಚೇರಿಯ ಹಿರಿಯ ಅಧಿಕಾರಿಗೆ ಫೋನ್ ಮಾಡಿದರು.  “ಸರ್, ಶನಿವಾರದ ಕಾರ್ಯಕ್ರಮ...” ಎಂದು ಶುರು ಮಾಡಿದರಷ್ಟೆ. ಕಡಲಿನ ಭರತದ ನೀರು ಮತ್ತೆ ತೊರೆಯೊಳಗೆ ಬರತೊಡಗಿತ್ತು. ಕಂಬ ಯಾರೋ ದಣಿದವರು ಕೂತಂತೆ ಸದ್ದಿಲ್ಲದೆ ಕುಸಿಯಿತು. ಸದ್ದು ಬಂದಿದ್ದು ಆಮೇಲೆ. ಸೇತುವೆಯ ನಡುಭಾಗ ಪೂರ್ತಿ, ಕಬ್ಬಿಣ ಹಲಗೆ ಸಮೇತ, ತೊರೆಗೆ ಬಿತ್ತು.

“ಏನ್ರೀ ಅದು ಶಬ್ದ? ಹಲೋ?”

ಟೇಪು ಬಿದ್ದ ಸೇತುವೆಯನ್ನೇ ನೋಡುತ್ತಿದ್ದರು. ಹೆಂಡತಿ ಫೋನ್ ಕಿತ್ತುಕೊಂಡು ಹೇಳಿದಳು: “ಸೇತುವೆ ಬಿತ್ತು ಸಾರ್. ಯಾರಿಗೂ ಏನೂ ಆಗಿಲ್ಲ. ಎರಡೂ ಕಡೆ ಅಡ್ಡ ಕಟ್ಟೋಕೆ ಜನ ಕಳಿಸಿ.” ಅವಳ ದನಿ ನೆಟ್ಟಗಿತ್ತು.

ಟೇಪು ದಾರಿಯ ಅಂಚಿಗೆ ಕೂತರು. ಹಸಿರು ಸೈಕಲ್ಲಿನ ಕಡೆ ನೋಡಿ ಕೇಳಿದರು: “ಯಾವಾಗ ಕಲಿತೆ?”

“ಎರಡು ವರ್ಷ ಆಯ್ತು. ಸೈಕಲ್ ಅಂಗಡಿಯವಳು ಕಲಿಸಿದಳು. ಅಲ್ಲೇ ಇಡ್ತೀನಿ. ಅಕ್ಕನಿಗೂ ಗೊತ್ತು.”

“ಊರಿಗೆಲ್ಲ ಗೊತ್ತು, ನನಗೊಬ್ಬನಿಗೆ ಗೊತ್ತಿಲ್ಲ. ಯಾಕೆ ಮುಚ್ಚಿಟ್ಟೆ?”

“ಮದುವೆಯಾದ ಹೊಸದರಲ್ಲಿ ಒಂದು ಸಲ ಹತ್ತಿಸಿದ್ರಿ. ಬಿದ್ದೆ. ನಿಮ್ಮ ತಮ್ಮಂದಿರ ಮುಂದೆ ಹೊಟ್ಟೆ ಹಿಡ್ಕೊಂಡು ನಕ್ಕಿರಿ. ನಿಮಗೆ ಮರೆತುಹೋಗಿರತ್ತೆ.”

ನಿಜವಾಗಿಯೂ ಮರೆತುಹೋಗಿತ್ತು. ಅದು ಇನ್ನೂ ಕೆಟ್ಟದೆನಿಸಿತು.

“ಲಾರಿ ಕಂಡ್ರೆ ನನಗೆ ಈಗಲೂ ಕೈಕಾಲು ಬಿದ್ದುಹೋಗತ್ತೆ,” ಎಂದಳು ಆಕೆ. “ಇಲ್ಲಿ ಲಾರಿ ಬರಲ್ಲ. ನೀವು ಮಾಡಿದ ದಾರಿ ಅಲ್ವಾ, ಅದಕ್ಕೇ ಧೈರ್ಯ ಬಂತು. ತಪ್ಪು ನನ್ನದೂ ಇದೆ. ಚೀಟಿ ಬಿಟ್ಟು ಬಾಯಲ್ಲೇ ಹೇಳಬೇಕಿತ್ತು. ನಾಚಿಕೆ ಪಟ್ಕೊಂಡೆ.”

ಮರುದಿನ ಟೇಪು ಕಚೇರಿಯಲ್ಲಿ ಯಾರೂ ಕೇಳುವ ಮೊದಲೇ ಚೀಟಿಯ ವಿಷಯ ಹೇಳಿಕೆಯಲ್ಲಿ ಬರೆದುಕೊಟ್ಟರು: ಬಂದಿತ್ತು, ಓದಿದೆ, ಎಸೆದೆ. ಹಿರಿಯ ಅಧಿಕಾರಿ ಕನ್ನಡಕ ತೆಗೆದು, “ಇದನ್ನ ಬರೆಯಲೇಬೇಕಾ?” ಎಂದರು. “ಬರೆಯದಿದ್ರೆ ನಿದ್ದೆ ಬರಲ್ಲ ಸರ್.” ಉದ್ಘಾಟನೆ ನಿಂತಿತು. ವಿಚಾರಣೆಯಾಗಿ ಟೇಪುವನ್ನು ದಾರಿ ವಿಭಾಗದಿಂದ ತೆಗೆದು ಹಳೆಯ ಕಡತಗಳ ಕೋಣೆಗೆ ಹಾಕಿದರು. ಹೊಸ ಕಂಬ ಎದ್ದೇಳಲು ಎಂಟು ತಿಂಗಳು ಹಿಡಿಯಿತು. ಪ್ರತಿ ತಿಂಗಳೂ ನೀರಿಳಿದಾಗ ಯಾರಾದರೂ ಬುಡಕ್ಕಿಳಿದು ನೋಡಲೇಬೇಕೆಂದು ಅವರು ಬರೆದ ಟಿಪ್ಪಣಿಯನ್ನು ಹೊಸಬರು ಒಪ್ಪಿದರು.

ಹೆಂಡತಿಯ ಹಸಿರು ಸೈಕಲ್ಲು ಈಗ ಮನೆಯ ಮುಂದೆಯೇ ನಿಲ್ಲುತ್ತದೆ. ಟೇಪು ಎಷ್ಟೋ ದಿನ ಊಟದ ನಡುವೆ ತುತ್ತು ಹಿಡಿದು ಹಾಗೇ ಕೂತುಬಿಡುತ್ತಿದ್ದರು.

“ಮತ್ತೆ ಏನು?” ಎಂದಳು ಒಮ್ಮೆ ಆಕೆ.

“ಅವತ್ತು ಸೇತುವೆ ಮೇಲಿದ್ದ ಆ ಹೆಂಗಸಿನ ಮುಖ ನೋಡಿದ್ಯಾ ನೀನು? ನಗ್ತಾ ಇದ್ದಳು ಕಣೇ. ನಾವು ಸ್ವಾಗತಕ್ಕೆ ನಿಂತಿದೀವಿ ಅಂದ್ಕೊಂಡಿದ್ದಳು.”

ಆಕೆ ಅವರ ಲೋಟಕ್ಕೆ ನೀರು ಬಗ್ಗಿಸಿ, ಎದ್ದು ಹೋಗದೆ, ಅವರು ಊಟ ಮುಗಿಸುವವರೆಗೂ ಪಕ್ಕದಲ್ಲೇ ಕೂತಳು.