ಉಸಿರಿನ ಅಳತೆ

ಕಲ್ಲು ಕೊರೆದು ಕೊರೆದು ಅಪ್ಪನಿಗೆ ನಾಲ್ಕು ಮೆಟ್ಟಿಲು ಹತ್ತಿದರೂ ಮೇಲುಸಿರು. ಆಸ್ಪತ್ರೆಯಲ್ಲಿ ಯಂತ್ರದ ಕೊಳವೆಗೆ ಊದಿದ. ಡಾಕ್ಟರಮ್ಮ ಪರದೆ ನೋಡಿ, "ನಿಮ್ಮ ಜನಕ್ಕೆ ಇಷ್ಟು ಉಸಿರು ಸರಿಯೇ. ಕೆಲಸಕ್ಕೆ ಹೋಗಿ," ಎಂದರು.

"ನಮ್ಮ ಜನಕ್ಕೆ ಅಂದ್ರೆ?" ಕೇಳಿದೆ.

"ಕಪ್ಪು ಜನರ ಶ್ವಾಸಕೋಶ ಹುಟ್ಟಿನಿಂದಲೇ ಚಿಕ್ಕದು ಅಂತ ಯಂತ್ರದಲ್ಲೇ ಲೆಕ್ಕ ಇದೆಯಮ್ಮಾ."

"ಯಾರು ಹಾಕಿದ ಲೆಕ್ಕ?"

"ಹಳೇದು. ಗುಲಾಮರನ್ನು ಇಟ್ಟುಕೊಂಡಿದ್ದ ಧಣಿಗಳು ಹಾಕಿದ್ದು."

ಅಪ್ಪ ಕೆಮ್ಮುತ್ತಲೇ ನಕ್ಕ. "ಕತ್ತು ಹಿಸುಕಿದವನೇ ಉಸಿರೂ ಅಳೆದನೋ! ಭಲೇ!"

ಡಾಕ್ಟರಮ್ಮ ತಲೆ ತಗ್ಗಿಸಿದರು. ಬಣ್ಣದ ಲೆಕ್ಕ ತೆಗೆದುಹಾಕಿ ಅದೇ ಉಸಿರನ್ನು ಮತ್ತೆ ನೋಡಿದರು.

"ಕಲ್ಲಿನ ಧೂಳು ಶ್ವಾಸಕೋಶವನ್ನು ತಿಂದುಬಿಟ್ಟಿದೆ. ಕೆಲಸ ಬಿಡಿ. ಇವತ್ತೇ ಔಷಧಿ ಶುರು ಮಾಡೋಣ."

ನಾನು ಅಪ್ಪನ ಬೆನ್ನು ನೀವಿದೆ.

"ಇಷ್ಟು ವರ್ಷ ಕೆಮ್ಮಿದ್ದು ನಾನು, ತಾಯಿ," ಅಂದ ಅಪ್ಪ, "ನೀವು ನಂಬಿದ್ದು ಸತ್ತ ಧಣಿಗಳನ್ನ."