ತಲೆಕಡೆಯ ಹಗ್ಗ

ಆರ್ಡ್‌ವೆನ್ನಿಯ ಅರ್ಲ್ ತೀರಿಕೊಂಡ ಮಾರನೆಯ ದಿನ ಅವರ ತಮ್ಮ ಶೋಲ್ಟೊ ನನ್ನ ಬಡಗಿಮನೆಗೆ ಬಂದು ಒಂದು ಚೀಟಿ ಇಟ್ಟ. ಹೆಣದ ಪೆಟ್ಟಿಗೆ ಮಾಡುವವನೂ ನಾನೇ, ಗುಂಡಿಗೆ ಇಳಿಸುವಾಗ ಎಂಟು ಹಗ್ಗ ಹಿಡಿಯುವವರ ಹೆಸರು ಕೂಗುವವನೂ ನಾನೇ. ನಮ್ಮ ಸ್ಕಾಟ್ಲೆಂಡಿನಲ್ಲಿ ತಲೆಕಡೆಯ ಹಗ್ಗ ವಾರಸುದಾರರದು, ಕಾಲುಕಡೆಯದು ಅವರ ನಂತರದವರದು. ಚೀಟಿಯಲ್ಲಿ ತಲೆಕಡೆಗೆ ಶೋಲ್ಟೊ ತನ್ನ ಹೆಸರನ್ನೇ ಬರೆದುಕೊಂಡಿದ್ದ. ಉರಿಯುವ ಮನೆಯಲ್ಲಿ ಗಳ ಹಿರಿಯುವ ಆಸಾಮಿ.

"ಅಣ್ಣನವರ ಒಬ್ಬರೇ ಮಗಳು ಗ್ರಿಝೆಲ್ ಅಮ್ಮಣ್ಣಿ ಇದ್ದಾರಲ್ಲ ಧಣಿ?" ಎಂದೆ.

"ಹೆಂಗಸರು ಗುಂಡಿ ಹತ್ರ ಬರೋ ಪದ್ಧತಿ ಇಲ್ಲ. ಬರೆದಿದ್ದನ್ನ ಓದು, ಸಾಕು. ನೀನಿರೋ ಮನೆ ಎಸ್ಟೇಟಿಂದು ಅನ್ನೋದು ನೆನಪಿರಲಿ."

ಅಂದೇ ಮಧ್ಯಾಹ್ನ ಗ್ರಿಝೆಲ್ ಅಮ್ಮಣ್ಣಿಯೂ ಬಂದರು. ಕೈಯಲ್ಲಿ ಹಳೆಯ ಸನ್ನದಿನ ನಕಲು.

"ನೋಡು ಡೂಗಲ್. ಗಂಡುಮಕ್ಕಳಿಲ್ಲದಿದ್ರೆ ಅರ್ಲ್ ಪದವಿ ಹಿರಿಮಗಳಿಗೆ ಅಂತ ರಾಜನೇ ಬರೆದುಕೊಟ್ಟಿದ್ದಾನೆ. ನನ್ನ ಮುತ್ತಜ್ಜಿ ಮಾರ್ಜರಿ ಹಾಗೇ ಪದವಿಗೆ ಬಂದು ನಲವತ್ತು ವರ್ಷ ಕೌಂಟೆಸ್ ಆಗಿದ್ರು. ಚಿಕ್ಕಪ್ಪನಿಗೆ ಇದೆಲ್ಲ ಗೊತ್ತು."

"ಕಾಗದ ಗಟ್ಟಿಯಾಗಿದ್ಮೇಲೆ ಹಗ್ಗಕ್ಯಾಕಮ್ಮ ಹಠ?"

"ನಾಳೆ ಊರೆಲ್ಲ ನೋಡುತ್ತೆ. ಅವರು ತಲೆಕಡೆ ನಿಂತ್ರೋ, ನಾನು ಹತ್ತು ವರ್ಷ ಕೋರ್ಟಿಗೆ ಅಲೀಬೇಕು. ಬಿಡಲ್ಲ ನಾನು, ಗುಂಡಿ ಹತ್ರ ಬಂದೇ ಬರ್ತೀನಿ."

ನನಗೆ ಹೆದರಿಕೆಯಾಗಿತ್ತು. ಅರವತ್ತರ ವಯಸ್ಸಿನಲ್ಲಿ ಮನೆ ಕಳೆದುಕೊಂಡು ಎಲ್ಲಿಗೆ ಹೋಗಲಿ?

ಮರುದಿನ ಪೆಟ್ಟಿಗೆಯ ಹಿಂದೆ ಗಂಡಸರ ನಡುವೆ ಅಮ್ಮಣ್ಣಿ ಒಬ್ಬರೇ ಹೆಂಗಸು. ಗುಂಡಿಯ ಮೇಲೆ ಅಡ್ಡಹಾಕಿದ್ದ ಎರಡು ಹಲಗೆಗಳ ಮೇಲೆ ಪೆಟ್ಟಿಗೆ ಇಟ್ಟೆವು. ನಾನು ಚೀಟಿ ಬಿಚ್ಚುವ ಮೊದಲೇ ಅವರು ಹೋಗಿ ತಲೆಕಡೆಯ ಹಗ್ಗ ಹಿಡಿದುಬಿಟ್ಟರು.

"ಗ್ರಿಝೆಲ್, ಮನೆಗೆ ಹೋಗು. ನಗೆಪಾಟಲು ಮಾಡ್ಬೇಡ," ಎಂದ ಶೋಲ್ಟೊ.

"ನಮ್ಮಪ್ಪ, ನನ್ನ ಹಗ್ಗ. ನಿಮ್ಮದು ಕಾಲುಕಡೆ ಚಿಕ್ಕಪ್ಪ. ನನಗೆ ಮಕ್ಕಳಾಗೋವರೆಗೆ ನನ್ನ ನಂತರ ನೀವೇ ತಾನೇ?"

ಯಾರೋ ಕೆಮ್ಮಿನಲ್ಲಿ ನಗು ಮುಚ್ಚಿಕೊಂಡರು. ಪಕ್ಕದ ಆರು ಹಗ್ಗಗಳನ್ನು ನೆಂಟರು ಹಿಡಿದಾಗಿತ್ತು. ಕಾಲುಕಡೆಯದು ಮಾತ್ರ ನೆಲದ ಮೇಲೆ ಬಿದ್ದಿತ್ತು. ಶೋಲ್ಟೊ ಅದರೆದುರು ಕೈಕಟ್ಟಿ ನಿಂತ.

"ಏಳು ಜನ ಹೆಂಗೆ ಇಳಿಸ್ತೀರೋ ನೋಡ್ತೀನಿ. ಡೂಗಲ್, ಓದು."

ಪಾದ್ರಿಗಳು ಪುಸ್ತಕದಿಂದ ಕಣ್ಣೆತ್ತಲಿಲ್ಲ. ಉಳಿದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಅಮ್ಮಣ್ಣಿ ಮಾತ್ರ ನೋಡಲಿಲ್ಲ. ತಂದೆಯ ಪೆಟ್ಟಿಗೆಯ ಮೇಲೆ ಕಣ್ಣು ನೆಟ್ಟು ಹಿಮ್ಮಡಿ ಊರಿ ನಿಂತಿದ್ದರು. ಅವರನ್ನು ಕಂಡು ನನಗೆ ನನ್ನ ಮೇಲೇ ನಾಚಿಕೆಯಾಯಿತು. ಮನೆ ಹೋದರೆ ಹೋಗಲಿ ಎಂದುಕೊಂಡು ಚೀಟಿಯನ್ನು ಜೇಬಿಗೆ ತುರುಕಿ, ಬಗ್ಗಿ ಎರಡೂ ಹಲಗೆಗಳನ್ನು ಎಳೆದುಬಿಟ್ಟೆ.

ಭಾರವೆಲ್ಲ ಹಗ್ಗಗಳ ಮೇಲೆ ಬಿತ್ತು. ಕಾಲುಕಡೆ ಗುಂಡಿಯೊಳಕ್ಕೆ ವಾಲಿತು. ಅಮ್ಮಣ್ಣಿಯ ಅಂಗೈಯಲ್ಲಿ ಹಗ್ಗ ಗೇಣುದ್ದ ಜಾರಿ ಚರ್ಮ ಕಿತ್ತಿತು. ಅವರು ಅದನ್ನು ಮಣಿಕಟ್ಟಿಗೆ ಸುತ್ತಿಕೊಂಡು ಹಲ್ಲು ಕಚ್ಚಿದರು. ಶೋಲ್ಟೊ ಆಸೆಬುರುಕನೇ ಇರಬಹುದು, ಆದರೆ ಒಡಹುಟ್ಟಿದವನ ಹೆಣವನ್ನು ಬೀಳಗೊಡುವಷ್ಟು ಕೆಟ್ಟವನಲ್ಲ. "ಅಣ್ಣಾ," ಎಂದವನೇ ಮಣ್ಣಿನಲ್ಲಿ ಮಂಡಿಯೂರಿ ಕಾಲುಕಡೆಯ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದೆಳೆದ. ಪೆಟ್ಟಿಗೆ ಸಮವಾಯಿತು.

ತಲೆಕಡೆಯವರು ಹೇಳುವವರೆಗೆ ಯಾರೂ ಹಗ್ಗ ಬಿಡುವಂತಿಲ್ಲ. ಎಲ್ಲರೂ ಕಾದರು. ಶೋಲ್ಟೊನೂ ಮಂಡಿಯೂರಿದಲ್ಲಿಂದಲೇ ತಲೆಯೆತ್ತಿ ಅಣ್ಣನ ಮಗಳ ಮುಖ ನೋಡುತ್ತ ಕಾದ.

"ಇಳಿಸಿ," ಎಂದರು ಕೌಂಟೆಸ್.