ಮುನಿಸಿನ ಮೂಲೆ

ಮನೆ ಸಾಮಾನು ಸಾಗಿಸುವ ಮೇಸ್ತ್ರಿಗೆ, ಒಂದು ದಿನ ನಿನ್ನ ಮನೆಯ ಸಾಮಾನನ್ನೂ ನೀನೇ ಸಾಗಿಸಬೇಕಾಗುತ್ತದೆ ಎಂದು ಯಾರಾದರೂ ಹೇಳಿದ್ದರೆ, ಅವರನ್ನೇ ಲಾರಿಗೆ ಹತ್ತಿಸಿ ಊರಾಚೆ ಇಳಿಸಿ ಬರುತ್ತಿದ್ದ. ಇಪ್ಪತ್ತೆರಡು ವರ್ಷದಿಂದ ಊರವರ ಬೀರು, ಮಂಚ, ಕನ್ನಡಿ, ಮುಟ್ಟಿದರೆ ಒಡೆಯುವ ಗಾಜಿನ ಗೊಂಬೆ ಎಲ್ಲವನ್ನೂ ಒಂದು ಮನೆಯಿಂದ ಇನ್ನೊಂದು ಮನೆಗೆ ಮುಟ್ಟಿಸಿದವನು ಅವನು. ತಾನು ಮಾತ್ರ ಮದುವೆಯಾದ ವರ್ಷ ಹೊಕ್ಕ ನಾಲ್ಕನೇ ಮಹಡಿಯ ಮನೆಯಿಂದ ಒಂದು ಚಮಚವನ್ನೂ ಕದಲಿಸಿರಲಿಲ್ಲ.

"ಈ ಮನೇಲೇ ಖುಷಿಯಾಗಿದ್ದೀರಾ ಮೇಸ್ತ್ರಿ, ಇಲ್ಲಾ ಬೇರೆ ಕಡೆ ಹೋಗೋ ಯೋಚನೆ ಇದೆಯಾ?" ಎಂದು ಕೇಳಿದರೆ ಸಾಕು, ಉರಿದುಬೀಳುತ್ತಿದ್ದ. "ನಂಗೇನು ತಲೆ ಕೆಟ್ಟಿದ್ಯಾ? ಮನೆ ಬಿಡೋರ ಮುಖ ದಿನಾ ನೋಡೋನು ನಾನು. ಹಲ್ಲು ಕೀಳಿಸ್ಕೊಂಡು ಬಂದೋರ ಹಾಗಿರುತ್ತೆ."

ಆದರೆ ಆ ಮನೆಗೆ ಎಪ್ಪತ್ತೆರಡು ಮೆಟ್ಟಿಲು. ಹೆಂಡತಿ ದರ್ಜಿ. ಹೊಲಿಗೆ ಮೆಷಿನ್ ತುಳಿದೂ ತುಳಿದೂ ಅವಳ ಮಂಡಿ ಮೊದಲೇ ಸವೆದಿತ್ತು. ಅದರ ಮೇಲೆ ದಿನಕ್ಕೆ ನಾಲ್ಕು ಸಲ ಹತ್ತಿ ಇಳಿದು, ಈಗ ಮೂರನೇ ಮಹಡಿ ಹೊತ್ತಿಗೆ ಕಂಬಿ ಹಿಡಿದು ನಿಂತು ಹಲ್ಲು ಕಚ್ಚುತ್ತಿದ್ದಳು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, "ಮಾತ್ರೆ ಏನೋ ಬರ್ಕೊಡ್ತೀನಮ್ಮಾ, ಮೆಟ್ಟಿಲು ಬಿಡಿಸೋ ಮಾತ್ರೆ ನನ್ ಹತ್ರ ಇಲ್ಲ" ಎಂದುಬಿಟ್ಟರು. ಹದಿನೈದು ದಿನದಲ್ಲಿ ಅವಳೇ ಓಡಾಡಿ ಎರಡು ಬೀದಿ ಆಚೆ ಗ್ರೌಂಡ್ ಫ್ಲೋರಿನ ಒಂದು ಮನೆ ಗೊತ್ತುಮಾಡಿದಳು. ಮೇಸ್ತ್ರಿ ಹೂಂ ಎಂದ. ಅನ್ನದೆ ಏನು ಮಾಡುತ್ತಾನೆ, ಮಂಡಿ ಅವಳದ್ದು.

ಬಾಯಲ್ಲಿ ಹೂಂ ಎಂದನೇ ಹೊರತು ಮನಸ್ಸು ನಾಲ್ಕನೇ ಮಹಡಿಯಲ್ಲೇ ಕಾಲು ಚಾಚಿ ಕೂತಿತ್ತು. ಹಳೇ ಮನೆಯ ಯಜಮಾನರು ಗಡಿಯಾರ ರಿಪೇರಿ ಮಾಡುವವರು, ನಿಮಿಷಕ್ಕೆ ಬೆಲೆ ಕೊಡುವ ಮನುಷ್ಯ. ಮೇಸ್ತ್ರಿ ಗುಟ್ಟಾಗಿ ಅವರ ಅಂಗಡಿಗೆ ಹೋಗಿ ಕೈಕೈ ಹೊಸೆದ. "ಸಾರ್, ಸಾಗಿಸೋ ದಿನ ಸಾಯಂಕಾಲದವರೆಗೂ ಬೀಗದಕೈ ನನ್ ಹತ್ರಾನೇ ಇರ್ಲಿ. ಅಕಸ್ಮಾತ್ ಹಿಡಿಸ್ಲಿಲ್ಲ ಅಂದ್ರೆ..."

ಯಜಮಾನರು ಕಣ್ಣಿನ ಭೂತಗನ್ನಡಿ ತೆಗೆಯದೆಯೇ ಹೇಳಿದರು, "ಆರು ಗಂಟೆ. ಆರು ಹೊಡೆದ ಮೇಲೆ ಮನೆ ಬೇರೆಯವರಿಗೆ. ಆಮೇಲೆ ಕಾಲಿಗೆ ಬಿದ್ರೂ ಇಲ್ಲ."

ಹೆಂಡತಿ ಕೇಳಿದಾಗ, "ಬೀಗದಕೈ ಕೊಟ್ಟಾಯ್ತು ಕಣೇ" ಎಂದು ಹಸಿ ಸುಳ್ಳು ಹೇಳಿದ. ಬೀಗದಕೈ ಅಂಗಿಯ ಎಡಜೇಬಿನಲ್ಲಿ ಎದೆಗೆ ಚುಚ್ಚುತ್ತ ಕೂತಿತ್ತು.

ಈಗ ಮೇಸ್ತ್ರಿಯ ಕೆಲಸದ ಒಂದು ಕಟ್ಟಳೆ ಹೇಳಬೇಕು, ಯಾಕೆಂದರೆ ಎಲ್ಲ ಎಡವಟ್ಟೂ ಅಲ್ಲಿಂದಲೇ. ರಟ್ಟಿನ ಡಬ್ಬದ ಮೇಲೆ ಒಳಗೇನಿದೆ ಎಂದು ಬರೆಯಬಾರದು, ಎಲ್ಲಿ ಇಳಿಸಬೇಕು ಎಂದು ಬರೆಯಬೇಕು. 'ಪಾತ್ರೆ' ಎಂದು ಬರೆದರೆ ಹಮಾಲಿ ಮಾಡುವವನು ಎಲ್ಲಿ ಇಡಲಿ ಎಂದು ಹತ್ತು ಸಲ ಕೇಳುತ್ತಾನೆ. 'ಅಡುಗೆಮನೆ' ಎಂದು ಬರೆದರೆ ತುಟಿ ಪಿಟಕ್ಕೆನ್ನದೆ ಇಟ್ಟು ಬರುತ್ತಾನೆ. ಈ ಪಾಠವನ್ನು ಊಟಕ್ಕೆ ಕೂತಾಗಲೆಲ್ಲ ಮನೆಯವರಿಗೆ ಒಪ್ಪಿಸಿ ಒಪ್ಪಿಸಿ ಅವರ ಕಿವಿ ತೂತಾಗಿತ್ತು. ಹಾಗಾಗಿ, ಮೇಸ್ತ್ರಿ ಯಾರದೋ ಆಫೀಸು ಸಾಗಿಸಲು ಎರಡು ದಿನ ಹೋಗಿದ್ದಾಗ, ಅವನ ಅಮ್ಮನೂ ಹೆಂಡತಿಯೂ, ಅತ್ತೆ ಸೊಸೆ ಇಬ್ಬರೇ ಕೂತು ಕಟ್ಟಳೆಗೆ ಎಳ್ಳಷ್ಟೂ ಚ್ಯುತಿ ಬಾರದಂತೆ ಎಲ್ಲ ಡಬ್ಬ ಕಟ್ಟಿ, ಮೇಲೆ ದಪ್ಪಕ್ಷರದಲ್ಲಿ ಬರೆದಿಟ್ಟರು. ಸಾಗಿಸುವ ದಿನ ಮೇಸ್ತ್ರಿ ಆ ಬರಹದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅವನು ಖಾಲಿ ಗೋಡೆ ಸವರುತ್ತ ಮೂಗೊರೆಸಿಕೊಳ್ಳುವುದರಲ್ಲೇ ಮುಳುಗಿದ್ದ.

ಹೊಸ ಮನೆಯ ಮುಂದೆ ಲಾರಿ ನಿಂತಾಗ ಮೂರೂವರೆ. ಮೇಸ್ತ್ರಿಯ ಆಳುಗಳು ಮೂವರು. ಅವರಲ್ಲಿ ಹಿರಿಯನಿಗೆ ಅವನ ಎತ್ತರ ನೋಡಿ ಕಂಬ ಎಂದೇ ಹೆಸರು. ಕಂಬ ಮೊದಲ ಡಬ್ಬ ಹೆಗಲಿಗೇರಿಸಿ ಒಳಗೆ ಬಂದವನು ನಡುಮನೆಯಲ್ಲಿ ನಿಂತುಬಿಟ್ಟ.

"ಮೇಸ್ತ್ರಿ, ಕೆಮ್ಮಿನ ಗೋಡೆ ಎಲ್ಲಿ ಬರುತ್ತೆ?"

"ಏನಂದೆ?"

"ಡಬ್ಬದ ಮೇಲೆ ಬರ್ದಿದೆ. ಕೆಮ್ಮಿನ ಗೋಡೆ ಪಕ್ಕ."

ಮೇಸ್ತ್ರಿ ಪೆಚ್ಚಾದ. ಹಳೇ ಮನೆಯಲ್ಲಿ ಪಕ್ಕದ ಮನೆಯ ತಾತ ಬೆಳಿಗ್ಗೆ ಆರಕ್ಕೆ ಸರಿಯಾಗಿ ಕೆಮ್ಮುತ್ತಿದ್ದರು, ಗೋಡೆಯ ಈಚೆ ಅಮ್ಮನ ಮಂಚ. ಆ ಕೆಮ್ಮು ಕೇಳಿಯೇ ಅಮ್ಮ ಏಳುವುದು. ಅದಕ್ಕೇ ಅದು ಕೆಮ್ಮಿನ ಗೋಡೆ. ಇಪ್ಪತ್ತೆರಡು ವರ್ಷ ಎಲ್ಲರ ಬಾಯಲ್ಲೂ ಅದೇ ಹೆಸರು. ಬೇರೆ ಮನೆಯ ಗೋಡೆಗಳಿಗೆ ಆ ಹೆಸರು ಇರುವುದಿಲ್ಲ ಎಂಬುದು ಯಾರಿಗೂ ಹೊಳೆದಿರಲಿಲ್ಲ.

ಅಷ್ಟರಲ್ಲಿ ಎರಡನೆಯವನು ಬಂದ. "ಫೋನ್ ಸಿಗೋ ಕಿಟಕಿ?" ಅವನ ಬೆನ್ನಿಗೇ ಮೂರನೆಯವನು, "ಇಲಿಗೆ ಎಟುಕದ ಹಲಗೆ?" ಆ ಇಲಿ ಬಂದಿದ್ದು ಹನ್ನೊಂದು ವರ್ಷದ ಹಿಂದೆ, ಅದೂ ಒಂದೇ ಸಲ. ಇಲಿ ಹೋಯಿತು, ಹಲಗೆಗೆ ಹೆಸರು ಉಳಿಯಿತು.

ಅಮ್ಮ ಕುರ್ಚಿಯಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ಎಲ್ಲಿ ಇಳಿಸ್ಬೇಕೋ ಅದನ್ನೇ ಬರೀರಿ ಅಂತ ನೀನೇ ತಾನೆ ಪ್ರಾಣ ತಿಂತಿದ್ದೆ? ಅದನ್ನೇ ಬರ್ದಿದೀವಿ ಕಣಪ್ಪ. ಈಗ ಇಳಿಸು!"

ಆಳುಗಳಿಗೂ ನಗು ತಡೆಯಲಾಗಲಿಲ್ಲ. 'ಅಡುಗೆಮನೆ' ಎಂದು ಬರೆದಿದ್ದ ಎರಡೇ ಎರಡು ಡಬ್ಬ ನೆಟ್ಟಗೆ ಜಾಗಕ್ಕೆ ಹೋದವು, ಉಳಿದ ಇಪ್ಪತ್ತಾರು ನಡುಮನೆಯಲ್ಲೇ ಗುಡ್ಡೆ ಬಿದ್ದವು. ಕೊನೆಯ ಡಬ್ಬ ಹಿಡಿದು ಕಂಬ ಕೇಳಿದ, "ಇದೊಂದು ನೋಡಿ. ಮುನಿಸಿನ ಮೂಲೆ."

ಹೆಂಡತಿಯೂ ಅಲ್ಲಿಯವರೆಗೆ ನಗುತ್ತಿದ್ದವಳು ತಟ್ಟನೆ ನಿಲ್ಲಿಸಿದಳು.

ಮುನಿಸಿನ ಮೂಲೆ ಎಂದರೆ ಹಳೇ ಮನೆಯಲ್ಲಿ ಬೀರುವಿಗೂ ಗೋಡೆಗೂ ನಡುವೆ ಒಬ್ಬರು ಕೂರುವಷ್ಟು ಸಂದು. ಮನಸ್ತಾಪವಾದರೆ ಯಾರೇ ಆಗಲಿ ಅಲ್ಲಿ ಹೋಗಿ ಮುಖ ಊದಿಸಿಕೊಂಡು ಕೂರಬಹುದು. ಕೂತವರನ್ನು ಮಾತಾಡಿಸುವಂತಿಲ್ಲ, ಕರೆಯುವಂತಿಲ್ಲ, ಸಮಾಧಾನ ಮಾಡುವಂತಿಲ್ಲ. ತಪ್ಪು ಮಾಡಿದವರು ಕಿವಿ ಮುರಿದ ನೀಲಿ ಕಪ್ಪಿನಲ್ಲಿ ಟೀ ತಂದಿಟ್ಟು ಬಾಯಿಗೆ ಬೀಗ ಹಾಕಿಕೊಂಡು ಹಿಂದಿರುಗಬೇಕು. ಕಪ್ಪು ಖಾಲಿಯಾಯಿತೋ, ರಾಜಿ. ಆರಿ ತಣ್ಣಗಾಯಿತೋ, ಇನ್ನೊಂದು ಕಪ್ ಮಾಡಬೇಕು. ಒಂದು ಸಲ ಮೇಸ್ತ್ರಿ ಐದು ಕಪ್ ಮಾಡಿದ್ದುಂಟು. ಆ ಮೂಲೆಯ ಗಿಡ್ಡ ಸ್ಟೂಲು, ದಿಂಬು, ನೀಲಿ ಕಪ್ಪು ಈ ಡಬ್ಬದೊಳಗಿದ್ದವು.

ಹೆಂಡತಿ ಮೂರೂ ಕೋಣೆ ಸುತ್ತಿ ಬಂದಳು. "ಎಲ್ಲಾ ಗೋಡೆಗೂ ಕಪಾಟು ಕಟ್ಟಿಬಿಟ್ಟಿದಾರೆ ರೀ. ಬೀರು ಇಟ್ರೆ ಸಂದೇ ಉಳಿಯಲ್ಲ. ನೋಡೋಕೆ ಬಂದಾಗ ಇದು ತಲೆಗೇ ಬರ್ಲಿಲ್ಲ." ಡಬ್ಬದ ಮೇಲಿನ ಅಕ್ಷರ ಸವರಿದಳು. "ಈ ಮನೇಲಿ ನಾನೆಲ್ಲಿ ಮುನಿಸ್ಕೊಳ್ಳಲಿ?"

ಗೋಡೆಗೆ ಇನ್ನೂ ಗಡಿಯಾರ ಹಾಕಿರಲಿಲ್ಲ, ಮೇಸ್ತ್ರಿ ಕೈಗಡಿಯಾರ ನೋಡಿಕೊಂಡ. ಐದು ಹತ್ತು. ಬಾಗಿಲಲ್ಲಿ ಲಾರಿ, ಜೇಬಿನಲ್ಲಿ ಬೀಗದಕೈ, ಎದುರಿಗೆ ಕಣ್ತುಂಬಿಕೊಂಡ ಹೆಂಡತಿ. ಇಂಥ ಗಳಿಗೆ ಮತ್ತೆ ಸಿಗುತ್ತದೆಯೇ?

"ಹೋಗ್ಲಿ ಬಿಡೇ. ವಾಪಸ್ ಹೋಗ್ಬಿಡೋಣ. ಒಂದೂ ಡಬ್ಬ ಬಿಚ್ಚಿಲ್ಲ."

"ಹೇಗೆ ಹೋಗೋದು? ಬೀಗದಕೈ ಕೊಟ್ಟಾಯ್ತಲ್ಲ."

ಬುದ್ಧಿ ಇದ್ದವನು ಇಲ್ಲಿ ಸುಮ್ಮನಾಗುತ್ತಿದ್ದ. ಮೇಸ್ತ್ರಿ ಮಾತ್ರ ಲಾಟರಿ ಹೊಡೆದವನ ಹಾಗೆ ಹಲ್ಲು ಕಿರಿಯುತ್ತ ಎಡಜೇಬಿಗೆ ಕೈ ಹಾಕಿ ಬೀಗದಕೈ ತೆಗೆದು ಗಿಲಗಿಲ ಆಡಿಸಿದ. "ಆರು ಗಂಟೆವರೆಗೂ ನಮ್ದೇ! ಯಜಮಾನ್ರಿಗೆ ಹೇಳಿಟ್ಟಿದ್ದೀನಿ."

ಅಮ್ಮನ ನಗು ನಿಂತಿತು. ಆಳುಗಳು ಮೆಲ್ಲಗೆ ಬಾಗಿಲ ಕಡೆ ಸರಿದರು. ಅನುಭವಸ್ಥರು.

"ಅಂದ್ರೆ ಕೊಟ್ಟಿರ್ಲಿಲ್ಲ," ಎಂದಳು ಹೆಂಡತಿ.

"ಅದು... ಹಿಡಿಸ್ದೇ ಇದ್ರೆ ಅಂತ..."

"ಬೆಳಿಗ್ಗೆ ಆ ಎಪ್ಪತ್ತೆರಡು ಮೆಟ್ಟಿಲನ್ನೂ ಒಂದೊಂದಾಗಿ ಎಣಿಸ್ಕೊಂಡು ಇಳಿದೆ, ಗೊತ್ತಾ ನಿಮಗೆ? ಅತ್ಕೊಂಡು ಇಳಿದೆ. ನಂಗೇನು ಆ ಮನೆ ಬೇಡ್ವಾಗಿತ್ತಾ? ಇಬ್ರೂ ಜೊತೇಲಿ ಬಿಟ್ಟು ಬರ್ತಿದೀವಲ್ಲ ಅಂತ ಧೈರ್ಯ ತಂದ್ಕೊಂಡೆ. ನೋಡಿದ್ರೆ ನಾನೊಬ್ಳೇ ಬಂದಿದೀನಿ! ನೀವು ಇನ್ನೂ ಅಲ್ಲೇ ಇದ್ದೀರ, ಜೇಬಲ್ಲಿ ಮನೆ ಇಟ್ಕೊಂಡು!"

ಇಷ್ಟು ಹೇಳಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುಂಟುತ್ತಲೇ ದಡದಡ ಒಳಗೆ ಹೋದಳು. ಎಲ್ಲೋ ಒಂದು ಬಾಗಿಲು ಧಡಾರೆಂದಿತು.

ಮೇಸ್ತ್ರಿ ಬೀಗದಕೈ ಹಿಡಿದು ನಿಂತೇ ಇದ್ದ. ಅವನಿಗೆ ನಾಚಿಕೆಯಾಯಿತು, ಚೆನ್ನಾಗಿಯೇ ಆಯಿತು. ಇಷ್ಟು ವರ್ಷ ಮನೆ ಬಿಡುವವರ ಮುಖ ನೋಡಿದ್ದೇನೆ ಎಂದು ಕೊಚ್ಚಿಕೊಂಡವನು ಬೆಳಿಗ್ಗೆ ಹೆಂಡತಿಯ ಮುಖವನ್ನೇ ನೋಡಿರಲಿಲ್ಲ.

"ನಿಂತು ಏನ್ ನೋಡ್ತೀಯ, ಹುಡುಕು," ಎಂದಳು ಅಮ್ಮ.

ಹುಡುಕಿದರು. ಮಲಗುವ ಕೋಣೆಯಲ್ಲಿಲ್ಲ, ಅಡುಗೆಮನೆಯಲ್ಲಿಲ್ಲ, ಬಚ್ಚಲಲ್ಲೂ ಇಲ್ಲ. ಇರುವುದೇ ಮೂರು ಕೋಣೆ, ಹೆಂಗಸು ಎಲ್ಲಿ ಮಾಯವಾದಳು? ಆಗ ಹಿತ್ತಿಲ ಕಡೆಯಿಂದ ಕಂಬನ ಕೂಗು ಇಡೀ ಬೀದಿಗೆ ಕೇಳುವಂತೆ ಬಂತು.

"ಮೇಸ್ತ್ರೀ! ಮುನಿಸಿನ ಮೂಲೆ ಸಿಕ್ತು! ಡಬ್ಬ ತರ್ಲಾ?"

ಹಿಂಬಾಗಿಲಾಚೆ ಮೇಲಿನ ಮನೆಯವರ ಮೆಟ್ಟಿಲು. ಆ ಮೆಟ್ಟಿಲ ಕೆಳಗೆ ಒಬ್ಬರು ಕೂರುವಷ್ಟು ಜಾಗ, ಒಂದು ಕೈ ಅಗಲದ ಸಂಜೆಬಿಸಿಲು. ಅಲ್ಲಿ ಗೋಡೆಗೆ ಮುಖ ಮಾಡಿ ಮೇಸ್ತ್ರಿಯ ಹೆಂಡತಿ ಕೂತಿದ್ದಳು. ಅಷ್ಟು ವರ್ಷ ಮೆಟ್ಟಿಲು ಹತ್ತಿ ಸೋತವಳು ಈಗ ಮೆಟ್ಟಿಲನ್ನೇ ಸೂರು ಮಾಡಿಕೊಂಡಿದ್ದಳು. ಕಂಬ ಡಬ್ಬ ತಂದು ಅವಳ ಪಕ್ಕದಲ್ಲಿಟ್ಟ. ಅವನಿಗೆ ಆ ಮೂಲೆಯ ಕಟ್ಟಳೆ ಗೊತ್ತಿರಲಿಲ್ಲ, "ಇಲ್ಲೇ ತಾನೆ ಅಕ್ಕಾ?" ಎಂದು ಕೇಳಿಯೇಬಿಟ್ಟ.

ಅಕ್ಕನ ಕೈ ಮಾತ್ರ ಹಿಂದಕ್ಕೆ ಚಾಚಿ ಡಬ್ಬ ಬಿಚ್ಚಿ, ದಿಂಬು ಎಳೆದು ಬೆನ್ನಿಗೆ ಕೊಟ್ಟುಕೊಂಡಿತು. ನೀಲಿ ಕಪ್ಪನ್ನು ಹೊರಗಿಟ್ಟಿತು.

ಮೇಸ್ತ್ರಿ ಕಪ್ಪು ತೆಗೆದುಕೊಂಡು ಅಡುಗೆಮನೆಗೆ ಓಡಿದ. ಒಲೆ ಸಿಕ್ಕಿತು, ಟೀಪುಡಿ ಸಿಕ್ಕಿತು, ಹಾಲನ್ನು ಮೇಲಿನ ಮನೆಯವರ ಹತ್ತಿರ ಇಸಕೊಂಡ. ಸಕ್ಕರೆ ಮಾತ್ರ ಎಲ್ಲೂ ಇಲ್ಲ. ಹಾಳಾಗಿ ಹೋಗಲಿ ಎಂದು ಸಪ್ಪೆ ಟೀಯನ್ನೇ ಬಗ್ಗಿಸಿ, ಮೆಟ್ಟಿಲ ಕೆಳಗಿಟ್ಟು, ಮಾತಾಡದೆ ಹಿಂದಿರುಗಿ ಹಿಂಬಾಗಿಲ ಹೊಸ್ತಿಲಲ್ಲಿ ಕೂತ. ಅಮ್ಮನೂ ಆಳುಗಳೂ ಅಡುಗೆಮನೆ ಕಿಟಕಿಗೆ ಮುಖ ಒತ್ತಿ ನಿಂತರು.

ಆಗ ಫೋನ್ ಬಡಿದುಕೊಂಡಿತು. ಹಳೇ ಮನೆಯ ಯಜಮಾನರು.

"ಆರಕ್ಕೆ ಹನ್ನೆರಡು ನಿಮಿಷ ಇದೆ ಮೇಸ್ತ್ರಿ. ಏನು ತೀರ್ಮಾನ ಮಾಡಿದ್ರಿ? ಎಲ್ಲಿದ್ದೀರಿ ಈಗ?"

ಮೇಸ್ತ್ರಿಯ ಕಣ್ಣು ನೀಲಿ ಕಪ್ಪಿನ ಮೇಲಿತ್ತು. ಅದು ನೆಲದಿಂದ ಎದ್ದಿತೇ? ಎದ್ದಿತು. "ಎಲ್ಲಿರ್ತೀನಿ ಸಾರ್, ಮನೇಲಿದ್ದೀನಿ," ಎಂದ ಅವನು, ಧ್ಯಾನವೆಲ್ಲ ಕಪ್ಪಿನಲ್ಲಿಟ್ಟುಕೊಂಡು.

"ಮನೇಲಾ?" ಯಜಮಾನರ ದನಿ ಏರಿತು. "ಏನ್ರೀ ತಮಾಷೆ ಮಾಡ್ತೀರ? ನಾನು ನಿಮ್ ಮನೆ ಮುಂದೇನೇ ನಿಂತಿದ್ದೀನಿ. ಬಾಗಿಲಿಗೆ ಬೀಗ ಹಾಕಿದೆ!"

ತನ್ನ ಬಾಯಿಂದ ಏನು ಬಂತೆಂದು ಮೇಸ್ತ್ರಿಗೆ ಆಗ ಅರ್ಥವಾಯಿತು. ಮೆಟ್ಟಿಲ ಕೆಳಗಿನಿಂದ ಮೊದಲು ಟೀ ನೆತ್ತಿಗೇರಿದ ಕೆಮ್ಮು ಬಂತು, ಆಮೇಲೆ ನಗು. ಅವಳು ಗೋಡೆಗೆ ಹಣೆ ಆನಿಸಿ ಭುಜ ಕುಲುಕಿಸಿ ನಗುತ್ತಿದ್ದಳು, ಕಣ್ಣಲ್ಲಿ ನೀರು ಬರುವಷ್ಟು.

"ಕೆಮ್ಮಿನ ಗೋಡೆನೂ ಸಿಕ್ತು," ಎಂದಳು ಅಮ್ಮ ಕಿಟಕಿಯಿಂದ. "ನನ್ ಮಂಚ ಆ ಗೋಡೆಯ ಈಚೆ ಮಗ್ಗುಲಿಗೆ ಹಾಕ್ರೋ."

"ಅಲ್ಲೇ ಇರಿ ಸಾರ್," ಎಂದ ಮೇಸ್ತ್ರಿ ಫೋನಿಗೆ. ಅವನೂ ನಗುತ್ತಿದ್ದ. "ಬೀಗದಕೈ ತಂದ್ಕೊಡ್ತೀನಿ. ಎರಡೇ ಬೀದಿ, ಹತ್ತು ನಿಮಿಷ."

ಎದ್ದು ಚಪ್ಪಲಿ ಮೆಟ್ಟಿಕೊಳ್ಳುವಾಗ ಹೆಂಡತಿ ಖಾಲಿ ಕಪ್ಪನ್ನು ಹೊಸ್ತಿಲ ಮೇಲೆ ತಂದಿಟ್ಟಳು. ಮುಖ ಇನ್ನೂ ಅರ್ಧ ಊದಿಕೊಂಡೇ ಇತ್ತು.

"ಸಕ್ಕರೇನೇ ಹಾಕಿಲ್ಲ."

"ಸಿಗ್ಲಿಲ್ಲ ಕಣೇ."

"ಇಲಿಗೆ ಎಟುಕದ ಹಲಗೆ ಡಬ್ಬದಲ್ಲಿದೆ. ಕೊಟ್ಟು ಬೇಗ ಮನೆಗೆ ಬನ್ನಿ, ಹಲಗೆ ಹೊಡೀಬೇಕು."